ತಿಳಿ

ಕುಟ್ಟದ ಚೆಕ್‌ಪೋಸ್ಟಿನ ಹತ್ತಿರ ಸಿಕ್ಕ ಮರಿ, ಅದಕ್ಕೇ ಕುಟ್ಟ.
ಲೈನಿಗೆ ಹೊಸದಾಗಿ ಬಂದ ಅಸ್ಸಾಮಿನ ಹುಡುಗರು
ಆ ಹೆಸರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು:
ಅಕ್ಕಾ, ಹಿಂದಿಯಲ್ಲಿ ಇದು
ನಾಯಿಯನ್ನು ನಾಯಿ ಅಂತಲೇ ಕರೆದ ಹಾಗೆ.
ಅವನೂ ಬಾಲ ಆಡಿಸಿದ, ಎರಡೂ ಭಾಷೆ ಬಂದವನಂತೆ.

ಕೆಲಸ ಅವನಿಗೆ ಯಾರೂ ಕೊಟ್ಟದ್ದಲ್ಲ.
ಗೋದಾಮಿನಲ್ಲಿ, ಗೊಬ್ಬರದ ಖಾಲಿ ಚೀಲಗಳ ಸಂದಿಯಲ್ಲಿ
ದಿನಕ್ಕೆ ಎರಡು ಇಲಿ, ಕೆಲವು ದಿನ ಮೂರು.
ಹಿಡಿದು ತಂದು ಆಫೀಸಿನ ಮೆಟ್ಟಿಲ ಮೇಲಿಡುತ್ತಿದ್ದ,
ಹಾಜರಿ ಹಾಕು ಅನ್ನುವಂತೆ.
ನಾನು ರೈಟರ್. ಮಸ್ಟರಿನ ಕೊನೇ ಗೆರೆಯ ಕೆಳಗೆ
ಪೆನ್ಸಿಲಿನಲ್ಲಿ ಒಂದು ಸಲ ಬರೆದೂ ಇದ್ದೆ:
ಕುಟ್ಟ, ಪೂರ್ತಿ ದಿನ.

ಹೋದ ವರ್ಷ, ಕಕ್ಕಡ ಹದಿನೆಂಟು.
ಮದ್ದುಸೊಪ್ಪಿಗೆ ಅವತ್ತೊಂದು ದಿನ
ಹದಿನೆಂಟು ಬಗೆಯ ಮದ್ದು ಇಳಿಯುತ್ತದಂತೆ.
ಕುದಿಸಿ, ರಸ ಬಸಿದು, ಅಕ್ಕಿ, ಬೆಲ್ಲ, ಕಾಯಿಹಾಲು.
ನೇರಳೆ ಬಣ್ಣದ ಪಾಯಸ, ಮೇಲಿಷ್ಟು ಜೇನು.
ಮರುದಿನ ಬೆಳಿಗ್ಗೆ ಊರಿಗೆ ಊರೇ
ತನ್ನ ಉಚ್ಚೆಯ ಬಣ್ಣ ನೋಡಿಕೊಳ್ಳುತ್ತದೆ,
ನಾಚಿಕೆಯಿಲ್ಲ ಅದರಲ್ಲಿ. ಕೆಂಪಾದರೆ ಮದ್ದು ಹಿಡಿಯಿತು.
ಎಂಬತ್ತರ ಬೊಳ್ಳವ್ವಜ್ಜಿಯೂ ಬಚ್ಚಲಿನಿಂದ ಹೊರಗೆ ಬಂದು
‘ಆಯಿತು’ ಅಂದರು, ಪರೀಕ್ಷೆ ಪಾಸಾದವರ ಹಾಗೆ.

ಗೋದಾಮಿನ ಜಗಲಿಯ ಕಂಬಕ್ಕೆ ಕುಟ್ಟನೂ ಕಾಲೆತ್ತಿದ.
ಸಿಮೆಂಟಿನ ಮೇಲೆ ಹರಿದದ್ದು ಹೊಗೆ ಹಿಡಿದ ಕಂದುಗೆಂಪು.
ಇವನಿಗೆ ಪಾಯಸ ಬಡಿಸಿದ್ದು ಯಾರಪ್ಪ?
ಅಂದದ್ದು ನಾನೇ.
ಎಲ್ಲರೂ ನಕ್ಕರು. ಚಾತ ಬಕೆಟ್ ತಂದು,
ಬಿರಿದ ಹಿಮ್ಮಡಿಯ ಬರಿಗಾಲಲ್ಲಿ ನಿಂತು
ನಗುತ್ತಲೇ ಜಗಲಿ ತೊಳೆದ.

ಆ ನಗುವಿಗೆ ಎರಡು ದಿನ ಹೋಯಿತು.

ಮೂರನೆಯ ದಿನ ಇಲಿ ಅವನ ಎದುರಿಗೇ ದಾಟಿತು,
ತಲೆ ಎತ್ತಲಿಲ್ಲ.
ರೆಪ್ಪೆ ಎಳೆದು ನೋಡಿದೆ. ಬಿಳಿ ಇರಬೇಕಾದಲ್ಲಿ
ಹಲಸಿನ ತೊಳೆ.
ತುಟಿ ಎತ್ತಿದರೆ ಒಸಡೂ ಅದೇ.

ಗೋಣಿಕೊಪ್ಪದಲ್ಲಿ ಡಾಕ್ಟರ್ ದಮಯಂತಿ
ಕೈಗವಸು ತೊಟ್ಟು, ನನ್ನ ಕಡೆಗೂ ಒಂದು ಜೊತೆ ಎಸೆದರು.
‘ಇಲಿಜ್ವರದ ಹಾಗಿದೆ. ರಕ್ತ ಕಳಿಸುತ್ತೇನೆ, ಆದರೆ ಕಾಯುವುದಿಲ್ಲ.
ಇಲಿ ಉಚ್ಚೆ ಬಿದ್ದ ನೀರು ಎಲ್ಲೋ ಕುಡಿದಿದ್ದಾನೆ, ಇಲ್ಲ ತುಳಿದಿದ್ದಾನೆ.
ಲಿವರ್ ಹಿಡಿದಿದೆ. ಕಿಡ್ನಿಯನ್ನೂ. ಲಸಿಕೆ?’
‘ಹುಚ್ಚುನಾಯಿದು ಮಾತ್ರ’ ಅಂದೆ.
ಬೈಯಲಿಲ್ಲ. ಬಾಟಲಿಯನ್ನು ಕಿಟಕಿಯ ಸರಳಿಗೆ ನೇತುಹಾಕಿ,
ಹನಿ ಎಣಿಸುತ್ತಾ ಕೇಳಿದರು:
‘ಜಗಲಿ ತೊಳೆದದ್ದು ಯಾರು?’

ಚಾತನಿಗೆ ಜ್ವರ ಬಂದದ್ದು ಒಂದು ವಾರ ಬಿಟ್ಟು.
ಮೀನಖಂಡ ಮುಟ್ಟಿದರೆ ಕಿರುಚುತ್ತಿದ್ದ.
ನಾಟಿ ಕೆಲಸದ ಕಾಲುನೋವು ಅಂದಳು ಅವನ ಹೆಂಡತಿ.
ಆ ಪ್ರಶ್ನೆ ನನ್ನೊಳಗೆ ಕೂತಿತ್ತು, ರಾತ್ರಿಯೇ ಜೀಪು ತೆಗೆಸಿದೆ.
ಹನ್ನೊಂದು ದಿನಕ್ಕೆ ಎದ್ದು ಬಂದ.
ಬಂದವನು ಮನೆಗೂ ಹೋಗದೆ ನೇರ ನಾಯಿಯ ಹತ್ತಿರ,
ಬರಿಗಾಲಲ್ಲೇ!
ಬೂಟುಗಳನ್ನು ಅವನ ಮೇಲೆಯೇ ಎಸೆದೆ, ಒಂದಾದ ಮೇಲೆ ಒಂದು.

ಈಗ ಮತ್ತೆ ಕಕ್ಕಡ.
ಕುಟ್ಟ ಬದುಕಿದ್ದಾನೆ. ಬದುಕು ಅಂದರೆ ನೀರು.
ಬೆಳಿಗ್ಗೆ ಒಂದು ಬೋಗುಣಿ, ಹತ್ತು ಗಂಟೆಗೆ ಇನ್ನೊಂದು,
ನಡುರಾತ್ರಿ ನನ್ನನ್ನು ಎಬ್ಬಿಸಿ ಮೂರನೆಯದು.
ಅನ್ನ ಮೂಸಿ ನೋಡಿ ಬಿಡುತ್ತಾನೆ.
ಇಲಿಗಳು ಅವನಿಗೆ ಹೆದರುವುದನ್ನು ಬಿಟ್ಟಿವೆ.

ಇವತ್ತು ಬೆಳಿಗ್ಗೆ ಎಲ್ಲರದ್ದೂ ಕೆಂಪು. ನನ್ನದೂ.
ಬೊಳ್ಳವ್ವಜ್ಜಿ ಈ ವರ್ಷವೂ ಪಾಸು.
ಕುಟ್ಟ ಅದೇ ಕಂಬದ ಬುಡಕ್ಕೆ ಹೋಗಿ
ನಿಧಾನ ಕಾಲೆತ್ತಿದ.
ನೋಡಕ್ಕಾ, ಎಷ್ಟು ತಿಳಿ, ಬಾವಿನೀರಿನ ಹಾಗೆ,
ಹುಷಾರಾದ!
ಅಂದ ಚಾತ, ಮೊಳಕಾಲುದ್ದದ ಬೂಟಿನಲ್ಲಿ ನಿಂತು.

ಅಷ್ಟು ತಿಳಿ ಇರಬಾರದು ಅಂದಿದ್ದರು ಡಾಕ್ಟರ್.
ಸೋಸುವುದು ಮರೆತ ಕಿಡ್ನಿ
ಕುಡಿದ ನೀರನ್ನು ಹಾಗೇ ದಾಟಿಸುತ್ತದೆ,
ಕಾವಲಿನವನು ಎದ್ದು ಹೋದ ಮೇಲೂ
ತೆರೆದೇ ಇರುವ ಚೆಕ್‌ಪೋಸ್ಟಿನ ಹಾಗೆ.

ಹೂಂ, ತಿಳಿ, ಅಂದೆ.
ಬೋಗುಣಿ ಎತ್ತಿಕೊಂಡು ಒಳಗೆ ಹೋದೆ.